ಹಿಡ್ಲುಮನೆ ದಾರಿಯಲ್ಲಿ ಕೊಡಚಾದ್ರಿ, ಜೊತೆಗೆ ದಾವಣಗೆರೆ ಭಾವ

ಕೊಡಚಾದ್ರಿಗೆ ಜೀಪಿನಲ್ಲಿ ಹೋಗಬಹುದು. ಕೊಲ್ಲೂರಿನಿಂದಲೂ ಸಿಗುತ್ತದೆ, ಕಟ್ಟಿನಹೊಳೆಯಿಂದಲೂ ಸಿಗುತ್ತದೆ. ಇದು ಗೊತ್ತಿದ್ದೂ ಹಿಡ್ಲುಮನೆ ಜಲಪಾತದ ಪಕ್ಕ ಬಂಡೆ ಹತ್ತಿಕೊಂಡು ಹೋಗುವ ದಾರಿಯೇ ಬೇಕು ಅಂತ ಹಟ ಹಿಡಿದದ್ದು ನಮ್ಮ ಭಾವ. ಯಾರದ್ದೋ ವಿಡಿಯೋ ನೋಡಿದ್ದರು. ಭಾವ ಅಂದರೆ ಅಕ್ಕನ ಯಜಮಾನರು. ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ. ವಯಸ್ಸು ಐವತ್ತರ ಹತ್ತಿರ. ಚಿಕ್ಕವರಿದ್ದಾಗ ಉಚ್ಚಂಗಿದುರ್ಗದ ಮೆಟ್ಟಿಲು ಹತ್ತಿದ್ದು ಬಿಟ್ಟರೆ ಗುಡ್ಡದ ಸಹವಾಸ ಇಲ್ಲ. ದಿನಾ ಬೆಳಿಗ್ಗೆ ಮೈದಾನ ಸುತ್ತುತ್ತಾರೆ, ಅಷ್ಟೇ ಬಂಡವಾಳ.

ಹೊಸಬರನ್ನು ಗುಡ್ಡಕ್ಕೆ ಕರೆದುಕೊಂಡು ಹೋಗುವುದು ನನಗೆ ಅಭ್ಯಾಸ ಇದೆ. ಆದರೆ ಅವರೆಲ್ಲ ಚಿಕ್ಕಪ್ಪನ ಮಕ್ಕಳು, ಆಫೀಸಿನ ಹುಡುಗರು. “ಲೇ, ಅಲ್ಲಿ ಕಾಲಿಡಬೇಡ” ಅಂತ ಗದರಿದರೆ ಮುಗಿಯಿತು. ಭಾವನನ್ನು ಹಾಗೆ ಗದರೋಕಾಗುತ್ತಾ? ಮದುವೆಯಲ್ಲಿ ಕಾಲು ತೊಳೆದ ಮನೆಯವರು ನಾವು.

ಶುಕ್ರವಾರ: ಶಿವಮೊಗ್ಗದಿಂದ ನಿಟ್ಟೂರಿಗೆ

ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್, ಹೋಮ್‌ಸ್ಟೇ ಎಲ್ಲ ಮೊದಲೇ ಆಗಿತ್ತು. ನವೆಂಬರ್ ಕೊನೆಯ ವಾರ. ಜಲಪಾತದಲ್ಲಿ ನೀರು ಇನ್ನೂ ಇರುತ್ತದೆ, ಆದರೆ ಮೈಮೇಲೆ ಬರುವಷ್ಟು ಇರುವುದಿಲ್ಲ. ಜೋರು ಮಳೆಯ ತಿಂಗಳಲ್ಲಿ ಆ ಬಂಡೆಗಳ ಹತ್ತಿರ ಹೋಗುವ ಆಸೆ ಯಾರಿಗೂ ಬೇಡ.

ಭಾವ ಬಸ್ ಇಳಿದಾಗ ಬೆನ್ನಿಗೊಂದು ಬ್ಯಾಗು, ಕೈಯಲ್ಲೊಂದು ಚೀಲ. ಚೀಲದ ತುಂಬ ಖಾರ ಮಂಡಕ್ಕಿ. ಬ್ಯಾಗಿನಲ್ಲಿ ನೀಲಿ ನೈಲಾನ್ ಹಗ್ಗ, ಒಂದು ಸುರುಳಿ ಬೈಂಡಿಂಗ್ ವೈರು, ಕಟಿಂಗ್ ಪ್ಲೇಯರ್ರು. “ಅಂಗಡೀದು, ಇರ್ಲಿ ಅಂತ ಹಾಕ್ಕಂಡು ಬಂದೆ” ಅಂದರು. ಹಗ್ಗವನ್ನು ಕಾರಿನಲ್ಲೇ ಬಿಡಿಸಿದೆ. ಬಟ್ಟೆ ಒಣಗಿಸುವ ಹಗ್ಗ ಕೈಯಲ್ಲಿದ್ದರೆ ಸುಮ್ನೆ ಒಂದು ಸುಳ್ಳು ಧೈರ್ಯ ಬರುತ್ತದೆ, ಅದಕ್ಕಿಂತ ಬರಿಗೈಯೇ ವಾಸಿ.

ಅವರ ಶೂ ತಿರುಗಿಸಿ ನೋಡಿದೆ. ವಾಕಿಂಗ್ ಶೂ, ಅಡಿ ಪೂರ್ತಿ ನುಣುಪು. ಸೀದಾ ಗಾಂಧಿ ಬಜಾರಿಗೆ ಹೋಗಿ, ತೋಟದ ಕೆಲಸಕ್ಕೆ ಹಾಕುವ, ಅಡಿಯಲ್ಲಿ ಗುಬಟುಗಳಿರುವ ಅಗ್ಗದ ರಬ್ಬರ್ ಶೂ ಕೊಡಿಸಿದೆ. ನೋಡೋಕೆ ಚೆನ್ನಾಗಿರಲ್ಲ. ಆದರೆ ಒದ್ದೆ ನೆಲದಲ್ಲಿ ಅದರ ಹಿಡಿತ ದುಬಾರಿ ಶೂಗಳಿಗೂ ಕಷ್ಟ. ಮಲೆನಾಡಿನಲ್ಲಿ ಅಡಿಕೆ ಗೊನೆ ಹೊರುವವರ ಕಾಲು ನೋಡಿದರೆ ಯಾವ ಶೂ ತಗೋಬೇಕು ಅಂತ ಗೊತ್ತಾಗಿಬಿಡುತ್ತದೆ.

ಆಯನೂರು, ರಿಪ್ಪನ್‌ಪೇಟೆ ದಾಟುವವರೆಗೆ ಭಾವ ಅಂಗಡಿಯ ಫೋನುಗಳಲ್ಲೇ ಇದ್ದರು. ಹೊಸನಗರ ಬಂತು, ಸಿಗ್ನಲ್ ಕಡಿಮೆಯಾಯಿತು, ಆಮೇಲೆ ಕಿಟಕಿ ಇಳಿಸಿದರು. ಗದ್ದೆಗಳಲ್ಲಿ ಕೊಯ್ಲು ನಡೆದಿತ್ತು. ಕೆಲವು ಕಡೆ ಹುಲ್ಲು ಹೊರೆ ಕಟ್ಟಿ ಇಟ್ಟಿದ್ದರು, ಕೆಲವು ಕಡೆ ಪೈರು ಇನ್ನೂ ನಿಂತಿತ್ತು. ನಗರ ಅನ್ನುವ ಊರಿನ ಕಡೆ ತಿರುಗಿದ ಮೇಲೆ ರಸ್ತೆಗೆ ತಿರುವು ಜಾಸ್ತಿ, ಗಾಳಿಗೆ ತಂಪು ಜಾಸ್ತಿ. ಈ ತಾಲ್ಲೂಕಿನ ಹುಲಿಕಲ್ಲು ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಭಾವನಿಗೆ ಹೇಳಿದೆ. “ಅದಕ್ಕೇ ಇಲ್ಲಿ ಮನೆಗಳ ತಗಡೆಲ್ಲ ಹಿಂಗೆ ತುಕ್ಕು ಹಿಡಿದಾವೆ” ಅಂದರು. ನಾನು ಕಾಡು ನೋಡುತ್ತಿದ್ದೆ, ಅವರು ತಗಡು ನೋಡುತ್ತಿದ್ದರು.

ಸಂಪೆಕಟ್ಟೆ ದಾಟಿ ನಿಟ್ಟೂರು ತಲುಪುವಾಗ ಸಂಜೆ. ಮನೆ ಯಜಮಾನರು ಕಷಾಯ ಕೊಟ್ಟರು. ಅಂಗಳದ ತುಂಬ ಅಡಿಕೆ ಗೊನೆ. ಒಳಗಿನ ಚಪ್ಪರದಲ್ಲಿ ನಾಲ್ಕೈದು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಭಾವ ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಕತ್ತಿಯ ಕಬ್ಬಿಣ ಯಾವುದು, ಎಷ್ಟು ದಿನಕ್ಕೆ ಸಾಣೆ ಹಿಡಿಸಬೇಕು, ಎಲ್ಲ ವಿಚಾರಿಸಿದರು. ಒಬ್ಬ ಅಮ್ಮ ನಕ್ಕು, “ನೀವು ಒಂದು ಡಬ್ಬ ಸುಲಿದು ನೋಡಿ, ಗೊತ್ತಾಗ್ತದೆ” ಅಂದರು. ಭಾವ ಸುಲಿದ ಎರಡು ಅಡಿಕೆಯೂ ಅರ್ಧ ಹೋಳಾದವು.

ಯಜಮಾನರ ಮುಖದಲ್ಲಿ ಮಾತ್ರ ಕೊಯ್ಲಿನ ಕಳೆ ಇರಲಿಲ್ಲ. ಎಲೆಚುಕ್ಕಿ ರೋಗ. ಶಿಲೀಂಧ್ರದಿಂದ ಬರುವುದು. ಸೋಗೆಯ ಮೇಲೆ ಹಳದಿ-ಕಂದು ಚುಕ್ಕಿ ಎದ್ದು, ಸೋಗೆ ಒಣಗಿ, ಮರದ ಶಕ್ತಿಯೇ ಇಳಿದುಹೋಗುತ್ತದೆ. “ಕೊಳೆರೋಗ ಆದ್ರೆ ಬೋರ್ಡೋ ದ್ರಾವಣ ಹೊಡೀತೇವೆ ಮಾರಾಯ್ರೆ, ಆ ವರ್ಷದ ಫಸಲು ಹೋದ್ರೂ ಮರ ಉಳೀತದೆ. ಇದು ಹಾಗಲ್ಲ” ಅಂದರು. ತೋಟದ ಅಂಚಿನ ಮರಗಳನ್ನು ಟಾರ್ಚ್ ಹಾಕಿ ತೋರಿಸಿದರು. ತುದಿಯ ಸೋಗೆ ಮಾತ್ರ ಹಸಿರು, ಕೆಳಗಿನವೆಲ್ಲ ಸುಟ್ಟುಹೋಗಿದ್ದವು.

ಊಟಕ್ಕೆ ಒಂದೆಲಗದ ತಂಬುಳಿ, ಬಿಸಿ ಅನ್ನ, ಹುರುಳಿ ಸಾರು, ಅಪ್ಪೆಮಿಡಿ. ಭಾವ ತಂಬುಳಿಯ ಲೋಟ ಹಿಡಿದು ಮೆಲ್ಲಗೆ ಕೇಳಿದರು: “ಇದು ಕುಡಿಯೋದಾ, ಕಲಸ್ಕಳ್ಳೋದಾ?” ಎರಡೂ ಮಾಡಿ ಅಂದೆ. ಎರಡೂ ಮಾಡಿದರು, ಮೂರು ಸಲ ಹಾಕಿಸಿಕೊಂಡರು. ಅಪ್ಪೆಮಿಡಿ ಕಚ್ಚಿದ ಮೇಲೆ ಸ್ವಲ್ಪ ಹೊತ್ತು ಮಾತಿರಲಿಲ್ಲ.

ಮಲಗುವ ಮುಂಚೆ ಯಜಮಾನರು ಒಂದು ಸಣ್ಣ ಎಣ್ಣೆ ಬಾಟಲಿ ಕೊಟ್ಟರು. ಉಣುಗು ಹತ್ತದ ಹಾಗೆ ಕಾಲಿಗೆ, ಕೈಗೆ ಹಚ್ಚುವ ಎಣ್ಣೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಭಯ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಾಣಿಸಿಕೊಂಡ ಕಾಯಿಲೆ ಇದು, ಜಗತ್ತೆಲ್ಲ ಆ ಕಾಡಿನ ಹೆಸರಲ್ಲೇ ಕರೆಯುತ್ತದೆ. ಮಳೆ ನಿಂತು ನವೆಂಬರ್ ಬಂದರೆ ಸಣ್ಣ ಉಣುಗುಗಳು ಜಾಸ್ತಿಯಾಗುತ್ತವೆ, ಬೇಸಿಗೆ ಮುಗಿಯುವವರೆಗೂ ಹುಷಾರಾಗಿರಬೇಕು. “ಸತ್ತ ಮಂಗ ಕಂಡ್ರೆ ಹತ್ರ ಹೋಗ್ಬೇಡಿ, ಎಲ್ಲಿ ಅಂತ ಬಂದು ಹೇಳಿ. ತರಗೆಲೆ ಮೇಲೆ ಕೂರ್ಬೇಡಿ. ವಾಪಸ್ ಬಂದ ಮೇಲೆ ಬಿಸಿನೀರು ಸ್ನಾನ, ಹಾಕಿದ ಬಟ್ಟೆಯೂ ಬಿಸಿನೀರಿಗೆ” ಅಂದರು. ಭಾವ ಆ ರಾತ್ರಿಯೇ ಮೊಣಕಾಲವರೆಗೆ ಹಚ್ಚಿಕೊಂಡು ಮಲಗಿದರು.

ಶನಿವಾರ: ಜಲಪಾತ, ಬೋಳುಗುಡ್ಡ, ಶಿಖರ

ಬೆಳಿಗ್ಗೆ ಮಂಜು. ನೀರು ದೋಸೆ, ಕಾಯಿಚಟ್ನಿ, ಜೋನಿ ಬೆಲ್ಲ. ಗುಡ್ಡ ಹತ್ತುವ ದಿನ ಹೊಟ್ಟೆ ಬಿರಿಯ ತಿನ್ನಬಾರದು ಅಂತ ಮೊದಲೇ ಹೇಳಿದ್ದೆ. ಆದರೆ ಜೋನಿ ಬೆಲ್ಲದ ಮುಂದೆ ನನ್ನ ಮಾತಿಗೆ ಏನು ಬೆಲೆ?

ಅರಣ್ಯ ಇಲಾಖೆಯವರು ಟಿಕೆಟ್ ನೋಡಿ, ಪ್ಲಾಸ್ಟಿಕ್ ಬಾಟಲಿ ಎಣಿಸಿ ಬಿಟ್ಟರು. ಅಲ್ಲಿಂದ ಮುಂದೆ ಮೊದಲು ತೋಟ, ಆಮೇಲೆ ಗದ್ದೆಯ ಅಂಚು, ಆಮೇಲೆ ಕಾಡು. ಮಧ್ಯೆ ಒಂದು ಕಾಲುಸಂಕ. ಎರಡು ಅಡಿಕೆ ಮರ ಅಡ್ಡ ಹಾಕಿ ಕಟ್ಟಿದ್ದು, ಕೈಗೆ ಆಸರೆಯಾಗಿ ಒಂದು ಬಿದಿರಿನ ಗಳು. ಬಯಲುಸೀಮೆಯವರು ಸಾಮಾನ್ಯವಾಗಿ ಇಲ್ಲೇ ನಿಂತುಬಿಡುತ್ತಾರೆ. ಭಾವ ಗಳು ಮುಟ್ಟದೆ ದಾಟಿ ಆ ಕಡೆ ನಿಂತು ನನ್ನನ್ನೇ ಕಾದರು. ನನಗೆ ಅಲ್ಲೇ ಸ್ವಲ್ಪ ಅಳುಕಾಯಿತು. ಹೆದರುವವರನ್ನು ಹತ್ತಿಸುವುದು ಸುಲಭ. ಹೆದರದವರನ್ನು ಹತ್ತಿಸುವುದು ಕಷ್ಟ.

ಕಾಡಿನೊಳಗೆ ಬಿಸಿಲು ಇಳಿದಿರಲಿಲ್ಲ. ಇಂಬಳಗಳು, ಅಂದರೆ ಜಿಗಣೆಗಳು, ಮಳೆಗಾಲದಷ್ಟಿಲ್ಲ, ಆದರೂ ತೇವ ಇದ್ದಲ್ಲಿ ಇದ್ದೇ ಇರುತ್ತವೆ. ಭಾವನ ಕಾಲ್ಚೀಲದ ಮೇಲೆ ಒಂದು ಸಿಕ್ಕಿತು. ಎಳೆಯಲು ಹೋದರು. ಎಳೆಯಬಾರದು. ಎಲೆಅಡಿಕೆಯ ಸುಣ್ಣ ಒಂಚೂರು ಮುಟ್ಟಿಸಿದೆ, ಉದುರಿತು. ಕಚ್ಚಿದ್ದೇ ಗೊತ್ತಾಗಲಿಲ್ಲ ಅಂತ ಭಾವನಿಗೆ ಆಶ್ಚರ್ಯ. ಅದು ಕಚ್ಚುವಾಗ ನೋವು ಗೊತ್ತಾಗುವುದಿಲ್ಲ, ರಕ್ತ ಹೆಪ್ಪುಗಟ್ಟದ ಹಾಗೆ ಜೊಲ್ಲು ಬಿಡುತ್ತದೆ. ಹಾಗಾಗಿ ಅದು ಹೋದ ಮೇಲೂ ರಕ್ತ ಸ್ವಲ್ಪ ಹೊತ್ತು ಸೋರುತ್ತದೆ. ಬಿಳಿ ಕಾಲ್ಚೀಲ ಹಾಕಿದವರಿಗೆ ಗಾಬರಿ, ಬೇರೆಯವರಿಗೆ ಏನಿಲ್ಲ. ಭಾವನದು ಬಿಳಿ.

ಹಿಡ್ಲುಮನೆ ಅಂದರೆ ಒಂದೇ ಕಡೆ ಧುಮುಕುವ ನೀರಲ್ಲ. ಗುಡ್ಡದ ಮೈಮೇಲೆ ಹಂತ ಹಂತವಾಗಿ ಇಳಿಯುತ್ತದೆ. ಪ್ರತಿ ಹಂತಕ್ಕೂ ಒಂದು ಗುಂಡಿ, ಗುಂಡಿಯ ಪಕ್ಕ ಬಂಡೆ, ಬಂಡೆಯ ಪಕ್ಕ ಬೇರು. ದಾರಿಯೂ ಹಾಗೇ ನೀರಿನ ಪಕ್ಕಕ್ಕೇ ಏರುತ್ತದೆ. ಕೆಲವು ಕಡೆ ನಡಿಗೆ, ಕೆಲವು ಕಡೆ ಕೈಯೂ ಬೇಕು. ಹಗ್ಗ ಬೇಕಾಗುವ ಜಾಗ ಅಲ್ಲ. ಆದರೆ ಜಾರಿದರೆ ಮೊಣಕಾಲು ಒಡೆಯುವ ಜಾಗ ಬೇಕಾದಷ್ಟಿವೆ.

ಭಾವನಿಗೆ ಇಲ್ಲಿ ಹುಮ್ಮಸ್ಸು ಬಂದುಬಿಟ್ಟಿತು. ಒಂದು ಬಂಡೆಯಿಂದ ಇನ್ನೊಂದಕ್ಕೆ ಹಾರಿದರು. ಕರಿ ಬಂಡೆಗೆ ಕೈಯಿಟ್ಟರು, ಅದೂ ನೀರು ಜಿನುಗುವ ಕರಿ ಬಂಡೆಗೆ. ಮಲೆನಾಡಿನಲ್ಲಿ ಕಲ್ಲು ಕಪ್ಪಗಿದೆ, ಹೊಳೆಯುತ್ತಿದೆ ಅಂದರೆ ಅದರ ಮೇಲೆ ಪಾಚಿ ಇದೆ ಅಂತ. ಬೂದು ಬಣ್ಣ, ಒರಟು ಮೈ ಇದ್ದರೆ ಧೈರ್ಯವಾಗಿ ಕಾಲಿಡಬಹುದು. ಒಣಹುಲ್ಲು ಹಿಡಿಯಬಾರದು, ಬೇರು ಹಿಡಿಯಬಹುದು. ಬೇರನ್ನೂ ಒಮ್ಮೆ ಎಳೆದು ನೋಡಿ ಆಮೇಲೆ ಭಾರ ಬಿಡಬೇಕು. ಇದನ್ನೆಲ್ಲ ಹೇಳಿದೆ. “ಹೂನಪ್ಪ, ಹೂನಪ್ಪ” ಅಂದರು. ಅಂದು ಮತ್ತೆ ಹಾರಿದರು.

ಗದರೋ ಹಾಗಿಲ್ಲ. ಸ್ವಲ್ಪ ಯೋಚನೆ ಮಾಡಿ ಕೇಳಿದೆ.

“ಭಾವ, ಅಂಗಡೀಲಿ ಏಣಿ ಮಾರ್ತೀರಲ್ಲ, ತಗೊಂಡೋರಿಗೆ ಏನಾದ್ರೂ ಹೇಳಿ ಕಳಿಸ್ತೀರಾ?”

“ಹೇಳ್ದೆ ಇರ್ತೀವಾ? ಪೇಂಟರ್ ಹುಡುಗ್ರಿಗಂತೂ ಬೈದೇ ಕಳಿಸ್ತೀನಿ. ಎರಡೂ ಕೈ ಬಿಡಬ್ಯಾಡ. ಒಂದು ಕಾಲು ಎತ್ತಿದ್ರೆ ಎರಡು ಕೈ, ಒಂದು ಕಾಲು ಗಟ್ಟಿ ಇರ್ಬೇಕು. ಮೈನ ಏಣಿಗೆ ತಬ್ಬಬ್ಯಾಡ, ಜಾರ್ತೈತೆ.”

“ಬಂಡೆಗೂ ಅಷ್ಟೇ.”

ಅವರು ನನ್ನ ಮುಖ ನೋಡಿದರು, ಬಂಡೆ ನೋಡಿದರು. ಇಂಗ್ಲಿಷಿನ ಯಾವ ತರಬೇತಿ ಪುಸ್ತಕ ತೆಗೆದರೂ ಮೊದಲ ಪುಟದಲ್ಲಿ ಬರುವ ಮಾತನ್ನೇ ಅವರು ಹೇಳಿದ್ದರು. ಅಲ್ಲಿಂದ ಮುಂದೆ ಹಾರಾಟ ನಿಂತಿತು. ಕಾಲಿಡುವ ಮೊದಲು ಶೂ ತುದಿಯಿಂದ ಕಲ್ಲನ್ನು ತಟ್ಟಿ ನೋಡತೊಡಗಿದರು. ಮೈ ಬಂಡೆಯಿಂದ ದೂರ, ಭಾರ ಕಾಲಿನ ಮೇಲೆ. ಕಡಿದಾದ ಕಡೆ ನಾನು ಅವರ ಹಿಂದೆ, ಒಂಚೂರು ಪಕ್ಕಕ್ಕೆ ನಿಲ್ಲುತ್ತಿದ್ದೆ. ನೇರ ಕೆಳಗೆ ನಿಂತರೆ ಅವರು ಉರುಳಿಸಿದ ಕಲ್ಲು ನನ್ನ ಹಣೆಗೆ. ಪಕ್ಕದಲ್ಲಿದ್ದರೆ ಕಾಲು ಎಲ್ಲಿಡಬೇಕು ಅಂತ ಬೆರಳು ಮಾಡಿ ತೋರಿಸಬಹುದು. ಕೈ ಹಿಡಿದು ಮೇಲಕ್ಕೆ ಎಳೆಯುವುದು ಮಾತ್ರ ನನಗೆ ಇಷ್ಟವಿಲ್ಲ. ಎಳೆಸಿಕೊಂಡವರಿಗೆ ತಮ್ಮ ಕಾಲಿನ ಮೇಲೆ ನಂಬಿಕೆ ಬರುವುದಿಲ್ಲ.

ಅಷ್ಟಾದರೂ ಒಂದು ಸಲ ಜಾರಿದರು. ಕಷ್ಟದ ಜಾಗ ಎಲ್ಲ ದಾಟಿ, ಸಲೀಸಾಗಿದ್ದ ಕಡೆ, ಒದ್ದೆ ಎಲೆಯ ಮೇಲೆ. ಮೊಣಕಾಲುದ್ದ ನೀರಿಗೆ ಕೂತರು. ಪೆಟ್ಟಾಗಲಿಲ್ಲ. ಮೊಬೈಲು ನನ್ನ ಹತ್ತಿರದ ಪ್ಲಾಸ್ಟಿಕ್ ಚೀಲದಲ್ಲಿತ್ತು. ಆದರೆ ಮಂಡಕ್ಕಿ ಚೀಲ ಪೂರ್ತಿ ಮುಳುಗಿತು. ಭಾವ ಎದ್ದವರೇ ಅದನ್ನು ಬಿಚ್ಚಿ ನೋಡಿದರು. ಖಾರ ಎಲ್ಲ ತೊಳೆದುಹೋಗಿ, ಮಂಡಕ್ಕಿ ಮುದ್ದೆಯಾಗಿತ್ತು. “ಬೆಳಿಗ್ಗೆ ಐದಕ್ಕೆ ಎದ್ದು ಕಲಸಿದ್ಲಪ್ಪ ನಿಮ್ಮಕ್ಕ” ಅಂದರು. ತಾವು ಬಿದ್ದದ್ದಕ್ಕೆ ಇರದ ಬೇಜಾರು ಇದಕ್ಕಿತ್ತು. ಹೊಳೆಗೆ ಸುರಿಯಲು ಬಿಡಲಿಲ್ಲ, ಗಂಟು ಕಟ್ಟಿ ಬ್ಯಾಗಿಗೆ ಹಾಕಿಸಿದೆ.

ಮೇಲಿನ ಹಂತದಲ್ಲಿ ಕಾಲೇಜು ಹುಡುಗರ ಗುಂಪೊಂದು ಕೂತಿತ್ತು. ಕರಾವಳಿ ಕಡೆಯವರು. ಒಬ್ಬ ಹುಡುಗಿಯ ಶೂ ಅಡಿ ಮುಂದಿನಿಂದ ಹಿಮ್ಮಡಿವರೆಗೂ ಕಿತ್ತು ಬಂದಿತ್ತು. ಮೊಸಳೆ ಬಾಯಿ ತೆರೆದ ಹಾಗೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಬಿದ್ದಿದ್ದ ಶೂಗೆ ಹೀಗಾಗುತ್ತದೆ. ಹೊರಗಡೆ ಹೊಸದಾಗಿ ಕಾಣುತ್ತದೆ, ಒಳಗೆ ಅಂಟು ಸತ್ತಿರುತ್ತದೆ. ಹೊರಡುವ ಒಂದು ವಾರ ಮೊದಲು ಹಾಕಿಕೊಂಡು ಓಡಾಡಿದರೆ ಊರಲ್ಲೇ ಬಣ್ಣ ಬಯಲಾಗುತ್ತದೆ. ಹುಡುಗರು ಕರ್ಚೀಫು ಕಟ್ಟಿ ನೋಡುತ್ತಿದ್ದರು, ಎರಡು ಹೆಜ್ಜೆಗೆ ಬಿಚ್ಚಿಹೋಗುತ್ತಿತ್ತು.

ಭಾವ ಬ್ಯಾಗ್ ಇಳಿಸಿದರು. ಬೈಂಡಿಂಗ್ ವೈರು, ಪ್ಲೇಯರ್ರು ಹೊರಬಂದವು. ಶೂವನ್ನು ತೊಡೆಯ ಮೇಲಿಟ್ಟುಕೊಂಡು, ಅಡಿಯ ಸೀಳುಗಳ ಒಳಗೆ ತಂತಿ ಕೂರುವ ಹಾಗೆ ಮೂರು ಕಡೆ ಸುತ್ತಿ, ಎರಡೆಳೆ ಸೇರಿಸಿ ತಿರುಚಿ, ತುದಿಗಳನ್ನು ಒಳಕ್ಕೆ ಮಡಚಿ ತಟ್ಟಿದರು. ಕಬ್ಬಿಣ ಕಟ್ಟುವ ಕೆಲಸದವರ ಗಂಟು. ಐದು ನಿಮಿಷ ಹಿಡಿಯಿತೋ ಇಲ್ಲವೋ. ಆ ಹುಡುಗಿ ಎದ್ದು ಕುಣಿದು ನೋಡಿದಳು, ಅಲುಗಲಿಲ್ಲ. “ಅಂಕಲ್, ನೀವು ಟ್ರೆಕ್ಕಿಂಗ್ ಗೈಡಾ?” ಅಂತ ಕೇಳಿದಳು. ಭಾವ ಇಲ್ಲ ಅನ್ನಲಿಲ್ಲ.

ಜಲಪಾತದ ತಲೆ ದಾಟಿದ ಮೇಲೆ ಕಾಡು ಒಮ್ಮೆಲೇ ಮುಗಿಯಿತು. ಎದುರಿಗೆ ಬೋಳುಗುಡ್ಡ. ಮೊಣಕಾಲೆತ್ತರದ ಹುಲ್ಲು, ನವೆಂಬರಿನ ಬಿಸಿಲಿಗೆ ಬಣ್ಣ ತಿರುಗುತ್ತಿರುವ ಹುಲ್ಲು. ಕಣಿವೆಯ ಸಂದುಗಳಲ್ಲಿ ಮಾತ್ರ ದಟ್ಟ ಶೋಲಾ ಕಾಡು. ಗುಡ್ಡದ ಬೆನ್ನಿನ ಮೇಲೆ ಕಾಲುದಾರಿ, ಎರಡೂ ಕಡೆ ಇಳಿಜಾರು. ಗಾಳಿ ಪಶ್ಚಿಮದಿಂದ ಬರುತ್ತಿತ್ತು, ಜೊತೆಗೆ ಮಂಜಿನ ತುಂಡುಗಳನ್ನೂ ತರುತ್ತಿತ್ತು.

ಭಾವ ನಾಲ್ಕು ಹೆಜ್ಜೆ ಹಾಕಿದರು, ನಿಂತರು, ಆಮೇಲೆ ಕೂತೇಬಿಟ್ಟರು. ಎರಡೂ ಕೈಯಲ್ಲಿ ಹುಲ್ಲು ಹಿಡಿದುಕೊಂಡಿದ್ದರು.

“ನನಗೆ ಆಗಲ್ಲಪ್ಪ. ನೀ ಹೋಗಿ ಬಾ.”

ಮೊದಲು ತಮಾಷೆ ಅಂದುಕೊಂಡೆ. ಮುಖ ನೋಡಿದೆ, ತಮಾಷೆ ಆಗಿರಲಿಲ್ಲ. ಕೆಳಗೆ ನಿಜವಾಗಿ ಜಾರಬಹುದಾದ ಜಾಗದಲ್ಲಿ ಹಾರಾಡಿದ ಮನುಷ್ಯ, ಎತ್ತಿನಗಾಡಿ ಹೋಗುವಷ್ಟು ಅಗಲದ ದಾರಿಯಲ್ಲಿ ಕೂತಿದ್ದಾರೆ. ಕಾಡಿನೊಳಗೆ ಮರಗಳು ಆಳವನ್ನು ಮುಚ್ಚಿಟ್ಟಿದ್ದವು. ಇಲ್ಲಿ ಮುಚ್ಚುವವರು ಯಾರೂ ಇಲ್ಲ. ಕಣ್ಣಿಗೆ ಆಧಾರವೇ ಸಿಗುವುದಿಲ್ಲ. ಅದರ ಮೇಲೆ ಗಾಳಿ ಬೇರೆ ಮೈ ತಳ್ಳುತ್ತದೆ. ಬಯಲಲ್ಲಿ ಬೆಳೆದವರಿಗೆ ಇದು ಇನ್ನೂ ಜಾಸ್ತಿ ಅಂತ ನನ್ನ ಲೆಕ್ಕ. ಅಲ್ಲಿ ದೂರ ನೋಡಿದರೆ ನೆಲ ಕಾಣುತ್ತದೆ, ಇಲ್ಲಿ ದೂರ ನೋಡಿದರೆ ನೆಲ ಇರಬೇಕಾದ ಕಡೆ ಮೋಡ ಇರುತ್ತದೆ.

ಹೆದರಿದವರಿಗೆ “ಹೆದರಬೇಡಿ” ಅನ್ನುವಷ್ಟು ದಂಡದ ಮಾತು ಇನ್ನೊಂದಿಲ್ಲ. ಒಂದು ಬಂಡೆಯ ಮರೆಗೆ, ಗಾಳಿ ತಾಗದ ಕಡೆ ಕೂರಿಸಿದೆ. ನೀರು, ನಾಲ್ಕು ಖರ್ಜೂರ. ವಾಪಸ್ ಹೋಗೋಣ ಅಂದರೆ ಅದೇ ಬಂಡೆಗಳಲ್ಲಿ ಇಳಿಯಬೇಕು, ಹೊಸಬರಿಗೆ ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಮುಂದೆ ಹೋದರೆ ಜೀಪ್ ರಸ್ತೆ ಸಿಗುತ್ತದೆ. ಇದನ್ನು ಅವರಿಗೆ ಹಾಗೇ ಹೇಳಿದೆ, ಸಕ್ಕರೆ ಸೇರಿಸಲಿಲ್ಲ. ತಲೆಯಾಡಿಸಿದರು, ಏಳಲಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ಒಬ್ಬರು ಬಂದರು. ತಲೆಯ ಮೇಲೆ ಸಾಮಾನಿನ ಮೂಟೆ, ಕಾಲಲ್ಲಿ ಹವಾಯಿ ಚಪ್ಪಲಿ, ಬಾಯಲ್ಲಿ ಕವಳ. ಮೂಟೆ ಇಳಿಸಿ ಸುಧಾರಿಸಿಕೊಂಡರು. ಭಾವನನ್ನು ನೋಡಿದ ಕೂಡಲೇ ಅವರಿಗೆ ಅರ್ಥವಾಯಿತು ಅಂತ ಕಾಣುತ್ತದೆ.

“ಎಲ್ಲಿಂದ ಬಂದಿದ್ದು ನೀವು?”

“ದಾವಣಗೆರೆ.”

“ಓ. ಅಲ್ಲಿ ಗಾಳಿ ಇಲ್ವಾ?”

“ಐತೆ. ಬಿಸಿಗಾಳಿ.”

“ಇದು ತಂಡಿ ಗಾಳಿ, ಅಷ್ಟೇ ವ್ಯತ್ಯಾಸ. ಒಂದೇ ಸಮ ಬರಲ್ಲ ನೋಡಿ ಇದು. ಬಂದಾಗ ನಿಲ್ಲಿ. ಹೋದಾಗ ನಡೀರಿ. ನಂಗೆ ಮೂಟೆ ಇದ್ದಾಗ ನಾನೂ ಹಂಗೇ ಮಾಡೂದು.”

ಕವಳ ಉಗಿದು, ಮೂಟೆ ಎತ್ತಿಕೊಂಡು ಹೊರಟರು. ಭಾವ ಅವರನ್ನೇ ನೋಡುತ್ತಿದ್ದರು. ಗಾಳಿ ಬೀಸಿತು, ಆ ಮನುಷ್ಯ ಕಾಲು ಅಗಲಿಸಿ ನಿಂತರು. ಗಾಳಿ ಇಳಿಯಿತು, ನಡೆದರು. ಎರಡು ಸಲ ಹಾಗಾಯಿತು. ಮೂರನೇ ಸಲ ಭಾವ ಎದ್ದರು. ನಾನು ಅರ್ಧ ಗಂಟೆ ಹೇಳಿದ್ದು ಹತ್ತಲಿಲ್ಲ, ಅವರು ನಾಲ್ಕು ಮಾತಲ್ಲಿ ಎಬ್ಬಿಸಿದರು.

ಮುಂದೆ ಇಡೀ ಬೆನ್ನನ್ನು ಹಾಗೇ ದಾಟಿದೆವು. ನಾನು ಕಣಿವೆಯ ಕಡೆ, ಅವರು ಗುಡ್ಡದ ಕಡೆ. ದೂರ ನೋಡಬೇಡಿ, ನನ್ನ ಹಿಮ್ಮಡಿ ನೋಡಿ ಅಂದೆ. ನಡುನಡುವೆ ಕಬ್ಬಿಣದ ರೇಟು ಕೇಳಿದೆ, ಸಿಮೆಂಟಿನದ್ದು ಕೇಳಿದೆ. ಎಂಟು ಎಂಎಂ ಕಂಬಿಗೂ ಹತ್ತು ಎಂಎಂ ಕಂಬಿಗೂ ಲಾಭದಲ್ಲಿ ಏನು ಫರಕು ಅಂತ ಹೇಳುತ್ತಾ ಹೇಳುತ್ತಾ ಅತಿ ಕಡಿದಾದ ಏರು ದಾಟಿಬಿಟ್ಟರು. ಜೀಪ್ ರಸ್ತೆ ಸಿಕ್ಕಿದಾಗ ಕೆಂಪು ಮಣ್ಣಿನ ಮೇಲೆ ನಿಂತು ಒಂದು ಸಲ ಹಿಂದೆ ತಿರುಗಿ ನೋಡಿದರು. “ಇಷ್ಟೇನಾ?” ಅಂದರು.

ಮೇಲೆ ದೇವಸ್ಥಾನದ ಭಟ್ಟರ ಮನೆಯಲ್ಲಿ ಊಟ. ಅನ್ನ, ಸಾರು, ಪಲ್ಯ, ಮಜ್ಜಿಗೆ. ಗುಡ್ಡದ ಮೇಲೆ ಅಷ್ಟು ಬಿಸಿ ಊಟ ಸಿಗುವುದೇ ದೊಡ್ಡದು. ಇದು ಮೂಲ ಮೂಕಾಂಬಿಕೆಯ ಜಾಗ. ಕೊಲ್ಲೂರಿಗೆ ಬಂದವರಲ್ಲಿ ಹಲವರು ಜೀಪ್ ಹತ್ತಿ ಇಲ್ಲಿಗೂ ಬಂದು ಹೋಗುತ್ತಾರೆ. ದೇವಸ್ಥಾನದ ಎದುರು ಎತ್ತರದ ಕಬ್ಬಿಣದ ಕಂಬ ಇದೆ. ಬಹಳ ಹಳೆಯದು, ಹಳೆಯ ಕಾಲದ ಕುಲುಮೆಯಲ್ಲಿ ಮಾಡಿದ ಕಬ್ಬಿಣ. ದೇವಿಯ ತ್ರಿಶೂಲ ಅಂತ ಜನ ಕೈಮುಗಿಯುತ್ತಾರೆ.

ಶಿಖರಕ್ಕೆ ಹೋಗೋಣ ಅಂತ ನಾನು ಅವಸರ ಮಾಡಿದರೆ ಭಾವ ಕಂಬದ ಹತ್ತಿರದಿಂದ ಕದಲಲಿಲ್ಲ. ಸುತ್ತ ತಿರುಗಿ ನೋಡಿದರು, ಕನ್ನಡಕ ಮೇಲೇರಿಸಿ ನೋಡಿದರು.

“ಪೇಂಟ್ ಇಲ್ಲ. ಕಲಾಯಿ ಇಲ್ಲ. ಇಲ್ಲಿ ಎಷ್ಟು ತಿಂಗಳು ಮಳೆ?”

“ಐದು ತಿಂಗಳು ಅಂತ ಇಟ್ಕೊಳ್ಳಿ.”

“ನಾನು ಮಾರೋ ಗೇಟು ಎರಡು ಮಳೆಗಾಲಕ್ಕೆ ಸಿಪ್ಪೆ ಬಿಡ್ತೈತೆ. ಇದು ಹೆಂಗಪ್ಪ ನಿಂತೈತೆ?”

ಉತ್ತರ ನನ್ನ ಹತ್ತಿರ ಇರಲಿಲ್ಲ. ಪಕ್ಕದಲ್ಲಿದ್ದ ಕೇರಳದ ಯಾತ್ರಿಕರೊಬ್ಬರು ಅವರನ್ನು ನೋಡಿ, ದೊಡ್ಡ ಭಕ್ತರು ಅಂದುಕೊಂಡು ಸರಿದು ಜಾಗ ಬಿಟ್ಟರು.

ಅಲ್ಲಿಂದ ಸರ್ವಜ್ಞ ಪೀಠಕ್ಕೆ ಏರು ದಾರಿ. ಮಧ್ಯೆ ಗಣೇಶ ಗುಹೆ ಸಿಗುತ್ತದೆ. ಕೊಡಚಾದ್ರಿಯ ಎತ್ತರ 1343 ಮೀಟರು. ತುದಿಯಲ್ಲಿ ಕಲ್ಲಿನ ಸಣ್ಣ ಮಂಟಪ, ಶಂಕರಾಚಾರ್ಯರು ತಪಸ್ಸಿಗೆ ಕೂತ ಜಾಗ ಅಂತ ನಂಬಿಕೆ. ಇಲ್ಲಿಯೂ ಗಾಳಿ ಇತ್ತು, ಇನ್ನೂ ಜೋರಾಗಿತ್ತು. ಭಾವ ಬಂದಾಗ ನಿಂತರು, ಹೋದಾಗ ನಡೆದರು. ಮಂಟಪದ ಗೋಡೆಗೆ ಬೆನ್ನು ಕೊಟ್ಟು ಕೂತ ಮೇಲೆ ಧೈರ್ಯವಾಗಿ ಕೆಳಗೆ ನೋಡಿದರು. ಪಶ್ಚಿಮಕ್ಕೆ ಮೋಡ ಸರಿದಾಗ ಕೊಲ್ಲೂರಿನ ಕಡೆಯ ಕಾಡು, ಅದರಾಚೆ ಕಡಲು ಇರಬಹುದಾದ ಒಂದು ಬೆಳ್ಳನೆಯ ಗೆರೆ. ಸೌಪರ್ಣಿಕಾ ನದಿ ಹುಟ್ಟುವುದು ಈ ಗುಡ್ಡಗಳಲ್ಲೇ, ಸೇರುವುದು ಮರವಂತೆಯ ಹತ್ತಿರ ಕಡಲಿಗೆ. ಇನ್ನೊಂದು ಕಡೆ ದೂರದಲ್ಲಿ ಲಿಂಗನಮಕ್ಕಿಯ ಹಿನ್ನೀರು.

ಚಿತ್ರಮೂಲ ಗುಹೆ ಪೀಠದಿಂದ ಕೆಳಗಿದೆ. ದಾರಿ ಕಡಿದು, ಸಡಿಲ ಕಲ್ಲು, ಬೇರು ಹಿಡಿದು ಇಳಿಯಬೇಕು, ಮತ್ತೆ ಹತ್ತಬೇಕು. ಭಾವನ ತೊಡೆ ನಡುಗುತ್ತಿತ್ತು. ಭಯದಿಂದಲ್ಲ, ಸುಸ್ತಿನಿಂದ. ಕೂತಾಗಲೂ ತೊಡೆ ನಡುಗುತ್ತಿದೆ ಅಂದರೆ ಆ ದಿನದ ಬಂಡೆ ಕೆಲಸ ಮುಗಿಯಿತು ಅಂತ ನನ್ನ ನಿಯಮ. “ನೀ ಹೋಗಿ ಬಾ, ನಾನು ಇಲ್ಲೇ ಕೂತಿರ್ತೀನಿ” ಅಂದರು. ಮಂಜು ಬರುತ್ತಾ ಹೋಗುತ್ತಾ ಇತ್ತು. ಹೊಸಬರನ್ನು ತುದಿಯಲ್ಲಿ ಒಂಟಿಯಾಗಿ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಗುಹೆ ಅಲ್ಲೇ ಇರುತ್ತದೆ.

ಇಳಿಯುವಾಗ ಒಂದು ಕಡೆ ಎದೆಯೆತ್ತರದ ಮೆಟ್ಟಿಲು ಬಂಡೆ ಇತ್ತು. ಕಣಿವೆಗೆ ಮುಖ ಮಾಡಿ ಕೂತು ಜಾರಲು ಹೊರಟರು. ತಡೆದು, ತಿರುಗಿ, ಬಂಡೆಗೆ ಮುಖ ಮಾಡಿ ಇಳಿಯಿರಿ ಅಂದೆ. “ಏಣಿ” ಅಂತ ತಾವೇ ಹೇಳಿಕೊಂಡು ಇಳಿದರು.

ಕೆಳಗೆ ಹೋಗಲು ಯಾತ್ರಿಕರ ಜೀಪೊಂದರಲ್ಲಿ ಜಾಗ ಸಿಕ್ಕಿತು. ಡ್ರೈವರ್ ಮೊದಲೇ ಎಚ್ಚರಿಸಿದರು: ಹಿಂದೆ ಕೂತವರು ತಲೆ ಬಗ್ಗಿಸಿ, ಮೇಲಿನ ಕಂಬಿ ಬಿಡಬೇಡಿ. ಅದು ರಸ್ತೆ ಅನ್ನುವುದು ಮರ್ಯಾದೆಗೆ. ನೀರು ಕೊರೆದ ಕಾಲುವೆಗಳು, ಅದರೊಳಗೆ ಕಲ್ಲು, ಕಲ್ಲಿನ ಮೇಲೆ ಟೈರು. ಮಳೆಗಾಲದಲ್ಲಿ ಚಕ್ರಕ್ಕೆ ಸರಪಳಿ ಸುತ್ತುತ್ತೇವೆ, ಈಗ ಬರೀ ಧೂಳು ಅಂತ ಡ್ರೈವರ್ ನಗುತ್ತಾ ಹೇಳಿದರು. ಒಂದು ತಿರುವಿನಲ್ಲಿ ಹಿಂದಿನ ಚಕ್ರ ಅಂಚಿಗೆ ಬಂದು, ನಮ್ಮ ಸೀಟಿನ ಕೆಳಗೆ ಬರೀ ಗಾಳಿ ಕಂಡಿತು. ನನ್ನ ಕೈ ಬೆವರುತ್ತಿತ್ತು. ಭಾವ ಆರಾಮಾಗಿ ಡ್ರೈವರಿನ ಜೊತೆ ಲೀಫ್ ಪ್ಲೇಟಿನ ಬಾಳಿಕೆ ಬಗ್ಗೆ ಮಾತಾಡುತ್ತಿದ್ದರು.

ಮನೆಗೆ ಬಂದು ಬಿಸಿನೀರು ಸ್ನಾನ, ಉಣುಗು ಹುಡುಕಾಟ. ನನ್ನ ಕಿವಿಯ ಹಿಂದೆ ಒಂದು ಸಿಕ್ಕಿತು, ಭಾವನಿಗೆ ಒಂದೂ ಇಲ್ಲ. ರಾತ್ರಿ ಜಗಲಿಯ ಮೂರು ಮೆಟ್ಟಿಲನ್ನು ಅವರು ಗೋಡೆ ಹಿಡಿದು, ಹಿಂದುಮುಂದಾಗಿ ಇಳಿಯುವುದನ್ನು ಅಡಿಕೆ ಸುಲಿಯುವ ಹೆಂಗಸರು ಕತ್ತಿ ನಿಲ್ಲಿಸಿ ನೋಡಿದರು.

ಭಾನುವಾರ: ನಗರ ಕೋಟೆ, ವಾಪಸ್

ಎದ್ದಾಗ ಇಬ್ಬರಿಗೂ ಕಾಲು ನಮ್ಮದಲ್ಲ. ಇಂಥ ದಿನ ಸುಮ್ನೆ ಕಾರಿನಲ್ಲಿ ಕೂತುಬಿಟ್ಟರೆ ಸಂಜೆಗೆ ಇನ್ನೂ ಬಿಗಿಯುತ್ತದೆ. ಹಾಗಾಗಿ ನಗರದಲ್ಲಿ ನಿಲ್ಲಿಸಿ ಕೋಟೆಗೆ ಹೋದೆವು. ಹಳೆಯ ಬಿದನೂರು. ಕೆಳದಿ, ಇಕ್ಕೇರಿ ಆದಮೇಲೆ ಕೆಳದಿ ನಾಯಕರ ರಾಜಧಾನಿ ಇದೇ. 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರ ಅಂತ ಕರೆದ, ಹೈದರ್ ಉದುರಿಹೋಗಿ ನಗರ ಉಳಿಯಿತು. ಕೆಂಪು ಕಲ್ಲಿನ ಗೋಡೆಗಳ ಮೇಲೆ ಪಾಚಿ, ಹುಲ್ಲು. ಭಾವ ಗೋಡೆ ಮುಟ್ಟಿ, “ಕಪ್ಪಗೈತೆ, ಕಾಲಿಡಬಾರ್ದು” ಅಂದರು.

ಕೋಟೆಯ ಬುರುಜು ಹತ್ತಿರ ದನ ಮೇಯಿಸುವ ಅಜ್ಜಿಯೊಬ್ಬರು ಸಿಕ್ಕರು. ಎಲ್ಲಿಗೆ ಹೋಗಿದ್ದು ಅಂತ ಕೇಳಿದರು. ಕೊಡಚಾದ್ರಿಗೆ, ನಡೆದುಕೊಂಡು ಅಂದೆ. “ಯಾಕೆ, ಜೀಪು ಕೆಟ್ಟಿತ್ತಾ?” ಅಂದರು.

ರಿಪ್ಪನ್‌ಪೇಟೆಯಲ್ಲಿ ಟೀ ಕುಡಿಯುವಾಗ ಅಕ್ಕನ ಫೋನು ಬಂತು. ಭಾವ ಜಲಪಾತ ಹೇಳಿದರು, ಶೂ ರಿಪೇರಿ ಎರಡು ಸಲ ಹೇಳಿದರು, ಕಂಬದ ಬಗ್ಗೆ ಬಹಳ ಹೊತ್ತು ಹೇಳಿದರು. ಹುಲ್ಲು ಹಿಡಿದು ಕೂತದ್ದನ್ನು ಹೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ಅಕ್ಕ ಮಂಡಕ್ಕಿ ಹೇಗಿತ್ತು ಅಂತ ಕೇಳಿರಬೇಕು. ಭಾವ ನನ್ನ ಮುಖ ನೋಡಿ, “ಖಾರ ಒಂಚೂರು ಕಮ್ಮಿ ಇತ್ತು” ಅಂದರು.